ಹಾಲು ಕಾಯದ ಕೋಡೊಲೆ

ಗುಬ್ಬಿಯಲ್ಲಿ ನಾವಿದ್ದ ವಠಾರದ ಮನೆಯಲ್ಲಿ ಅಡುಗೆಮನೆ ಅಂತ ಬೇರೆ ಇರಲಿಲ್ಲ. ಇದ್ದ ಒಂದೇ ಉದ್ದನೆಯ ಕೋಣೆಯ ಹಿಂಗೋಡೆಗೆ ಒತ್ತಿ ಒಂದು ಮಣ್ಣಿನ ಒಲೆ, ಅದರ ಪಕ್ಕಕ್ಕೆ ಅಂಟಿಕೊಂಡು ಒಂದು ಸಣ್ಣ ಕೋಡೊಲೆ ಇತ್ತು. ದೊಡ್ಡ ಒಲೆಗೆ ಸೌದೆ ಒಡ್ಡಿದರೆ ಅದರ ಬಿಸಿ ಒಳಗಿನ ಕಿಂಡಿಯಿಂದ ಕೋಡೊಲೆಗೂ ಹೋಗುತ್ತಿತ್ತು. ವಠಾರದ ಎಲ್ಲ ಮನೆಗಳಲ್ಲೂ ಹಾಲು ಕಾಯುತ್ತಿದ್ದುದು ಈ ಕೋಡೊಲೆಯ ಮೇಲೆ, ಯಾರೂ ಗಮನ ಕೊಡದೆ, ತನ್ನಷ್ಟಕ್ಕೆ, ಕೆನೆ ದಪ್ಪವಾಗುವವರೆಗೆ. ನಮ್ಮ ಮನೆಯ ಕೋಡೊಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಅಮ್ಮ ಅಲ್ಲಿ ನೀರಿನ ಚೊಂಬನ್ನೂ ಇಡಗೊಡುತ್ತಿರಲಿಲ್ಲ. ಬಿಸಿ ಸುಮ್ಮನೆ ಮೇಲೆದ್ದು ಹೋಗುತ್ತಿತ್ತು. ಚಳಿಗಾಲದ ಬೆಳಗಿನಲ್ಲಿ ನಾನೂ ನನ್ನ ತಮ್ಮ ಪುಟ್ಟರಾಜುವೂ ಅದರ ಬಾಯಿಗೆ ಅಂಗೈ ಹಿಡಿದು ಕೂರುತ್ತಿದ್ದೆವು. ಆ ಒಲೆಯಿಂದ ನಮಗೆ ಸಿಕ್ಕ ಉಪಕಾರ ಅಷ್ಟು.

ಅಪ್ಪ ಕಾಯಿಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಒಂದು ಸಂತೆಯ ದಿನ ಬೆಳಗ್ಗೆ ಹೆಗಲಿಗೆ ಟವೆಲು ಹಾಕಿಕೊಂಡು ಹೋದವರು ಮನೆಗೆ ಬರಲಿಲ್ಲ. ಹಿಂದಿನ ದಿನ ಅವರಿಗೂ ಅಮ್ಮನಿಗೂ ಮಾತು ಬೆಳೆದಿತ್ತು ಎಂದು ವಠಾರದವರು ಆಮೇಲೆ ಹೇಳಿದರು. ನಾನು ಅದನ್ನು ಕೇಳಿಸಿಕೊಂಡವಳಲ್ಲ, ಆದ್ದರಿಂದ ಹೌದು ಎನ್ನಲಾರೆ, ಇಲ್ಲ ಎನ್ನಲಾರೆ. ನಾನು ಕಂಡದ್ದು ಇಷ್ಟು: ಹೋಗುವ ಮುಂಚೆ ಅವರು ಮುದ್ದೆಯ ತಟ್ಟೆಗೆ ಗಟ್ಟಿ ಮೊಸರು ಹಾಕಿಸಿಕೊಂಡು, ಬೆರಳು ನೆಕ್ಕಿ ಉಂಡಿದ್ದರು. ಮೊಸರೆಂದರೆ ಅವರಿಗೆ ಅಷ್ಟು ಆಸೆ. ಅವರು ಎಲ್ಲೂ ಸಿಗದೆ ಹೋದ ಮೇಲೆ ಅಮ್ಮ ಊರ ಹೊರಗಿನ ಅಮ್ಮನವರ ಗುಡಿಗೆ ಹೋಗಿ, ಹರಕೆ ಹೊತ್ತು, ಅಪ್ಪನಿಗೆ ಪ್ರಿಯವಾದುದನ್ನೇ ಬಿಟ್ಟು ಬಂದಳು. ಗಂಡ ಮನೆಗೆ ಬರುವ ತನಕ ನಮ್ಮ ಒಲೆಯ ಮೇಲೆ ಹಾಲು ಉಕ್ಕುವುದಿಲ್ಲ. ಹಾಲು, ಮೊಸರು, ಮಜ್ಜಿಗೆ, ತುಪ್ಪ ಈ ಹೊಸ್ತಿಲು ದಾಟುವುದಿಲ್ಲ. ನಮ್ಮ ಕಡೆ ಒಬ್ಬರಿಗಾಗಿ ಒಂದನ್ನು ಬಿಡುವುದು ಹೊಸದೇನಲ್ಲ. ಆದರೆ ಬಿಟ್ಟವರು ತಾವು ಬಿಡುತ್ತಾರೆ. ಅಮ್ಮ ಇಡೀ ಮನೆಯಿಂದ ಬಿಡಿಸಿದಳು. ಮಾಂಸ ತಿನ್ನುವ ಜನವೇ ನಾವು. ಅದನ್ನು ಬಿಡಲು ಮಾತ್ರ ಹರಕೆ ಬೇಕಾಗಲಿಲ್ಲ, ಅಪ್ಪನ ದುಡಿಮೆ ನಿಂತಿತ್ತು.

ಅಪ್ಪ ಕೆಲಸ ಮಾಡುತ್ತಿದ್ದ ಮಂಡಿಗೇ ಅಮ್ಮ ಕೊಬ್ಬರಿ ಬಿಡಿಸುವ ಕೂಲಿಗೆ ಹೋಗತೊಡಗಿದಳು. ಮನೆಯ ಅಡುಗೆ ಅಜ್ಜಿಯ ಪಾಲಿಗೆ ಬಂತು. ಅಜ್ಜಿ ಎಂದರೆ ಅಪ್ಪನ ತಾಯಿ, ಕುಣಿಗಲ್ ಕಡೆ ಹುತ್ರಿದುರ್ಗದ ಬುಡದ ಹಳ್ಳಿಯವಳು. ಏನೂ ಇಲ್ಲದೆ ಅಡುಗೆ ಮಾಡುವುದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ನನ್ನನ್ನು ಕರೆದುಕೊಂಡು ಕೆರೆಯ ಹಿಂದಿನ ಬದುಗಳಿಗೆ ಹೋಗಿ, ಯಾರೂ ಬಿತ್ತದ ಸೊಪ್ಪನ್ನು ಕಿತ್ತು ಮಡಿಲು ತುಂಬಿಕೊಳ್ಳುತ್ತಿದ್ದಳು: ಅಣ್ಣೆ, ಗೋಣಿ, ಎಳೆ ದಂಟು, ಇನ್ನೂ ಹೆಸರು ತಿಳಿಯದ ಕೆಲವು. ಎಲ್ಲ ಸೇರಿ ಬೆರಕೆ ಸೊಪ್ಪು. ಹುರುಳಿಯನ್ನು ಬೆಳಗ್ಗೆಯೇ ಬೇಯಲು ಇಡುತ್ತಿದ್ದಳು. ಅದು ಕಾಳು ಒಡೆಯುವಷ್ಟು ಬೆಂದ ಮೇಲೆ ಸೊಪ್ಪು ಹಾಕಿ, ಉಪ್ಪು ಹಾಕಿ, ಒಂದು ಕುದಿಗೆ ಇಳಿಸಿ, ಕಟ್ಟನ್ನು ಬಸಿಯುತ್ತಿದ್ದಳು. ಕೆಂಡದಲ್ಲಿ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಜೀರಿಗೆ ಇವನ್ನು ಒರಳಲ್ಲಿ ಅರೆದು ಖಾರ ಮಾಡಿ, ತಟ್ಟೆಯ ಅಂಚಿಗೆ ಒಂದು ಉಂಡೆ ಇಡುತ್ತಿದ್ದಳು. ಮುದ್ದೆಯ ಮೇಲೆ ಬಿಸಿ ಕಟ್ಟು, ಬೆರಳಲ್ಲಿ ಕಲಸಿದಷ್ಟು ಖಾರ. ಅದು ಒಂದು ಹೊತ್ತಿನ ಉಪ್ಸಾರು. ಬಸಿದು ಉಳಿದ ಕಾಳು ಸೊಪ್ಪನ್ನು ಅವಳು ಮುಟ್ಟಗೊಡುತ್ತಿರಲಿಲ್ಲ. ಮಾರನೆಯ ದಿನ ಅದಕ್ಕೇ ಈರುಳ್ಳಿ ಹಾಕಿ ಮಸೆದರೆ ಮಸ್ಸೊಪ್ಪು. ಅಮ್ಮ ಮಂಡಿಯಿಂದ ಸೆರಗಿನಲ್ಲಿ ಕಟ್ಟಿ ತಂದ ಕೊಬ್ಬರಿ ಚೂರು ಇದ್ದ ದಿನ ಹುಚ್ಚೆಳ್ಳಿನ ಜೊತೆ ಹುರಿದು ಚಟ್ನಿಪುಡಿ. ಆ ಊಟ ರುಚಿಯಾಗಿತ್ತು ಎಂದು ನಾನು ಈಗ ಬರೆದರೆ ಓದುವವರಿಗೆ ಹಿತವಾದೀತು. ರುಚಿಯಾಗಿತ್ತು, ನಿಜ. ಆದರೆ ಬಾಗಿಲ ಕಡೆ ಒಂದು ಕಿವಿ ಇಟ್ಟುಕೊಂಡೇ ಉಣ್ಣುತ್ತಿದ್ದೆವು. ಹೊರಗೆ ಗಂಡಸಿನ ಚಪ್ಪಲಿಯ ಸದ್ದಾದರೆ ಅಮ್ಮನ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ಸದ್ದು ಮುಂದಿನ ಮನೆಗೆ ಹೋದ ಮೇಲೆ ಮತ್ತೆ ಆಡುತ್ತಿತ್ತು.

ಆ ವರ್ಷ ಪುಟ್ಟರಾಜುವಿಗೆ ನಾಯಿಕೆಮ್ಮು ಬಂದು ಹೋಯಿತು. ಕೆಮ್ಮು ಹೋಯಿತು, ಹುಡುಗ ಎದ್ದು ನಿಲ್ಲಲಿಲ್ಲ. ಪಕ್ಕೆಲುಬು ಕಾಣುತ್ತಿದ್ದವು, ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿಯುತ್ತಿದ್ದ. ಆಸ್ಪತ್ರೆಯ ಡಾಕ್ಟರು ಅವನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ದಿನಾ ಹಾಲು ಕೊಡಿ ಎಂದರು. ಬೇರೆ ಔಷಧಿ ಏನೂ ಹೇಳಲಿಲ್ಲ. ಮನೆಗೆ ಬಂದವರು ಚೀಲ ಕೆಳಗಿಡುವ ಮೊದಲೇ ಅಜ್ಜಿ ಶುರು ಮಾಡಿದಳು.

"ದೇವ್ರು ದೊಡ್ಡೋರ್ ಹರಕೆನ ಮಕ್ಕಳ ಹೊಟ್ಟೆ ಮೇಲೆ ಹಾಕಲ್ಲ ಕಣವ್ವ ಗೌರಾ. ಮಗೂಗ್ ಒಂದ್ ಲೋಟ ಕೊಡವ್ವ."

"ಈ ಒಲೆ ಮೇಲೆ ಹಾಲಿಡಲ್ಲ ಅಂತ ಹೇಳ್ಕೊಂಡಿದೀನಿ ಅತ್ತೆ. ಅರ್ಧಕ್ ಬಿಟ್ರೆ ಅವ್ರು ಎಲ್ಲಿದಾರೋ, ಅಲ್ಲಿ ಏನಾಗುತ್ತೋ."

"ಹಂಗಾರೆ ಸಾಬ್ರಮ್ಮನ ಮನೆ ಒಲೆ ಮೇಲೆ ಕಾಯ್ಸಿ ಅಲ್ಲೇ ಕುಡಿಸ್ತೀನಿ ಬುಡು."

"ದೇವ್ರಿಗೂ ವಠಾರದ ಲೆಕ್ಕ ಹೇಳ್ಕೊಡ್ತೀರಾ ನೀವು?"

ಸಾಬ್ರಮ್ಮ ಎಂದು ಅಜ್ಜಿ ಕರೆಯುತ್ತಿದ್ದುದು ಪಕ್ಕದ ಮನೆಯ ಜುಬೇದಮ್ಮನನ್ನು. ಅವರ ಗಂಡ ಇಸ್ಮಾಯಿಲ್ ಸಾಹೇಬರು ಕಾಯಿ ಲಾರಿ ಓಡಿಸುತ್ತಿದ್ದರು. ಜುಬೇದಮ್ಮನ ಮನೆಯಲ್ಲಿ ದಿನವೂ ಅನ್ನವಾಗುತ್ತಿತ್ತು, ಹಾಲೂ ಇರುತ್ತಿತ್ತು. ಕೇಳಿದ್ದರೆ ಅವರು ಇಲ್ಲ ಎನ್ನುತ್ತಿರಲಿಲ್ಲ. ಅಮ್ಮ ಕೇಳಲು ಬಿಡಲಿಲ್ಲ. ಬದಲಿಗೆ ತಾನೇ ಒಂದು ದಾರಿ ಹುಡುಕಿದಳು: ಕಾಯಿ ರುಬ್ಬಿ ಹಿಂಡಿ, ಬೆಲ್ಲ ಹಾಕಿ, ಹಾಲಿನಷ್ಟೇ ಬೆಳ್ಳಗಿದ್ದ ಅದನ್ನು ಲೋಟಕ್ಕೆ ಸುರಿದು ಮಗನಿಗೆ ಕುಡಿಸಿದಳು. ಅಜ್ಜಿ ದೂರ ಕೂತು ನೋಡಿ, "ಅದು ಹಾಲಲ್ಲ ಕಣವ್ವ, ಎಣ್ಣೆ. ಎಣ್ಣೆ ಕುಡ್ಸಿ ಬಂಡಿ ಗಾಲಿ ಓಡಿಸ್ದಂಗೆ ಮಗೂನ ಓಡಿಸ್ತೀಯಾ?" ಎಂದಳು. ಸೋತ ಹೊಟ್ಟೆ ಕಾಯಿಹಾಲನ್ನು ತಾಳಲಿಲ್ಲ. ಹುಡುಗ ಭೇದಿ ಹತ್ತಿ ಇನ್ನಷ್ಟು ಇಳಿದುಹೋದ.

ಆಮೇಲೆ ಅಜ್ಜಿ ಏನು ಮಾಡಿದಳು ಎಂಬುದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಆದ್ದರಿಂದ ಒಂದನ್ನೂ ಸೇರಿಸದೆ, ಒಂದನ್ನೂ ಬಿಡದೆ ಬರೆಯುತ್ತೇನೆ. ಅವಳು ಸಂತೆಯಿಂದ ಒಂದು ಹೊಸ ಮಣ್ಣಿನ ಗಡಿಗೆ ತಂದಳು. ರಾಗಿ ಹಿಟ್ಟನ್ನು ನೀರಲ್ಲಿ ಕದಡಿ, ಗಂಟಾಗದಂತೆ ತಿರುವುತ್ತಾ ತೆಳ್ಳಗೆ ಗಂಜಿ ಕಾಯಿಸಿದಳು. ಅದು ಪೂರ್ತಿ ತಣಿದ ಮೇಲೆ ನನ್ನ ಕೈಗೆ ಹಿತ್ತಾಳೆ ಲೋಟ ಕೊಟ್ಟು ಜುಬೇದಮ್ಮನ ಮನೆಗೆ ಕಳಿಸಿದಳು. ಜುಬೇದಮ್ಮ ಅಕ್ಕಿ ತೊಳೆದ ಮೊದಲ ನೀರನ್ನು ಚೆಲ್ಲದೆ ಎತ್ತಿಟ್ಟಿದ್ದರು. ಅದನ್ನು ಲೋಟಕ್ಕೆ ಬಸಿದು, ಮೇಲೊಂದು ತಟ್ಟೆ ಮುಚ್ಚಿ ಕೊಟ್ಟರು. ಅಜ್ಜಿ ಆ ಬೆಳ್ಳನೆಯ ನೀರನ್ನು ಗಂಜಿಗೆ ಸುರಿದು, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಬಿಸಿ ತಾಗುವ ಮೂಲೆಗೆ ಸರಿಸಿದಳು. ಮಾರನೆಯ ದಿನ ಬಟ್ಟೆ ಬಿಚ್ಚಿದಾಗ ಗಂಜಿ ಹುಳಿಯಾಗಿ, ಮೇಲೆ ಸಣ್ಣ ನೊರೆ ನಿಂತಿತ್ತು. ಉಪ್ಪು, ಜಜ್ಜಿದ ಈರುಳ್ಳಿ ಹಾಕಿ, ಅಮ್ಮ ಮಂಡಿಯಿಂದ ಬರುವ ಮುಂಚೆ ಪುಟ್ಟರಾಜುವಿಗೆ ಚಮಚದಲ್ಲಿ ಕುಡಿಸಿದಳು. ಗಡಿಗೆಯ ತಳದಲ್ಲಿ ಸ್ವಲ್ಪ ಉಳಿಸಿಕೊಂಡು ಅದರ ಮೇಲೇ ಹೊಸ ಗಂಜಿ ಸುರಿದಳು. ದಿನ ಕಳೆದಂತೆ ಗಡಿಗೆಗೇ ಹುಳಿ ಹಿಡಿಯಿತು. ಹಸುವಿನದಾಗಲಿ ಎಮ್ಮೆಯದಾಗಲಿ ಒಂದು ತೊಟ್ಟೂ ಅದರಲ್ಲಿ ಇರಲಿಲ್ಲ.

"ನಿಮ್ಮಮ್ಮಂಗ್ ಹೇಳ್ಬ್ಯಾಡ ಕಣೇ ಜಯಾ," ಎಂದಳು ಅಜ್ಜಿ.

"ಯಾಕಜ್ಜಿ? ಇದ್ರಲ್ಲಿ ಹಾಲಿಲ್ವಲ್ಲ."

"ಅಕ್ಕಿ ತೊಳ್ದ್ ನೀರ ಜನ ದನಕ್ ಇಡ್ತಾರೆ. ಇನ್ನೊಬ್ರ ಮನೆ ಕಲಗಚ್ಚು ಈಸ್ಕೊಂಡು ಮೊಮ್ಮಗೂಗ್ ಕುಡುಸ್ತಾವ್ಳೆ ಅಂದ್ರೆ, ನಾಲ್ಕ್ ಎಮ್ಮೆ ಕಟ್ಟಿದ್ದ ಮನೆಯೋಳು, ನನ್ ಮಖ ನೋಡ್ತಾಳಾ?"

ಅಮ್ಮನ ತವರಿನಲ್ಲಿ ಹಾಲು ಹೈನು ಚೆನ್ನಾಗಿತ್ತು. ಅಲ್ಲಿ ಅಂಬಲಿಗೆ ಹುಳಿ ಎಂದರೆ ಮಜ್ಜಿಗೆ ಹಾಕುವುದು, ಬೇರೆ ಹುಳಿ ಅವರಿಗೆ ಗೊತ್ತಿರಲಿಲ್ಲ. ಅಜ್ಜಿಯ ಹಳ್ಳಿಯಲ್ಲಿ ಮಜ್ಜಿಗೆ ಇದ್ದವರು ಕಡಿಮೆ, ಗಡಿಗೆಯೇ ಹುಳಿ ಮಾಡಿಕೊಳ್ಳುತ್ತಿತ್ತು. ಒಂದೇ ಜಿಲ್ಲೆಯ ಈ ಎರಡು ಮನೆಗಳ ನಡುವೆ ಇದ್ದ ವ್ಯತ್ಯಾಸ ಇಷ್ಟೇ. ಇದರಿಂದ ಒಂದು ಸಂಸಾರ ಮುರಿಯಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಹುಡುಗ ಚೇತರಿಸಿಕೊಂಡ. ಮೊದಲು ಭೇದಿ ನಿಂತಿತು, ಆಮೇಲೆ ಹಸಿವು ಬಂತು, ಆಮೇಲೆ ಗೋಡೆ ಬಿಟ್ಟು ಬಾಗಿಲವರೆಗೆ ನಡೆದ. ಅಮ್ಮ ಅವನನ್ನು ನೋಡಿ ಹಿಗ್ಗಿದಳು. ಡಾಕ್ಟರು ಹೇಳಿದ್ದು ಹಾಲು. ಹಾಲಿಲ್ಲದೆ ಹುಡುಗ ಮೈದುಂಬಿಕೊಳ್ಳುತ್ತಿದ್ದ. ಅವಳ ಕಣ್ಣು ಅಜ್ಜಿಯ ಕೈಗಳ ಹಿಂದೆ ಹೋಗತೊಡಗಿದ್ದನ್ನು ನಾನು ಕಂಡೆ. ಅದೇ ದಿನಗಳಲ್ಲಿ ಇಸ್ಮಾಯಿಲ್ ಸಾಹೇಬರು ಲಾರಿ ಇಳಿದು ನೇರ ನಮ್ಮ ಬಾಗಿಲಿಗೆ ಬಂದರು.

"ನಿಮ್ಮ ಯಜಮಾನ್ರು ದಾವಣಗೆರೆ ಮಂಡೀಲಿ ಇದಾರೆ ಕಣಮ್ಮ. ನಾನೇ ಮಾತಾಡಿಸ್ದೆ. ಗೌರಿ ಹಬ್ಬಕ್ಕೆ ಬರ್ತೀನಿ ಅಂತ ಹೇಳು ಅಂದ್ರು."

ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಅಜ್ಜಿ ಇಸ್ಮಾಯಿಲ್ ಸಾಹೇಬರ ಕೈ ಹಿಡಿದು, "ಸಣ್ಣಗಾಗವ್ನಾ? ಬಟ್ಟೆ ಇತ್ತಾ ಮೈ ಮೇಲೆ?" ಎಂದು ಕೇಳಿದ್ದನ್ನೇ ಕೇಳಿದಳು. ಆ ಹಬ್ಬ ಹತ್ತಿರವಾದಂತೆ ಅಮ್ಮ ಅಟ್ಟದಿಂದ ಹಾಲಿನ ಪಾತ್ರೆ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಕೋಡೊಲೆಯ ಪಕ್ಕ ಬೋರಲು ಹಾಕಿದಳು. ಕೋಡೊಲೆಗೆ ಹೊಸದಾಗಿ ಸಾರಿಸಿ ರಂಗೋಲಿ ಎಳೆದಳು. ಅತ್ತೆ ಸೊಸೆ ಜಗಳವಿಲ್ಲದೆ ಒಂದೇ ಒರಳ ಎರಡು ಕಡೆ ಕೂತು ಅರೆದ ದಿನಗಳು ಎಂದರೆ ಅವು. ನಮ್ಮ ಮನೆಯಲ್ಲಿ ನಾನು ಕಂಡ ಸಂತೋಷವನ್ನು ತೋರಿಸಿ ಎಂದರೆ ಆ ಬೋರಲು ಹಾಕಿದ ಪಾತ್ರೆಯನ್ನು ತೋರಿಸಬೇಕು.

ಹಬ್ಬಕ್ಕೆ ಅಪ್ಪ ಬರಲಿಲ್ಲ. ಇಸ್ಮಾಯಿಲ್ ಸಾಹೇಬರು ಮತ್ತೆ ಆ ಕಡೆ ಲಾರಿ ಹೋದಾಗ ಮಂಡಿಯಲ್ಲಿ ವಿಚಾರಿಸಿದರು. ಹಬ್ಬಕ್ಕೆ ಮುಂಚೆಯೇ ಕೆಲಸ ಬಿಟ್ಟು ಹೋದ, ಎಲ್ಲಿಗೆ ಎಂದು ಹೇಳಲಿಲ್ಲ ಎಂದರಂತೆ ಅಲ್ಲಿಯವರು. ಆ ಮಾತನ್ನು ಅವರು ಅಮ್ಮನಿಗೆ ನಮ್ಮೂರ ಮಂಡಿಯ ಬಾಗಿಲಲ್ಲೇ ಹೇಳಿದ್ದರು. ಸಂಜೆ ಅಮ್ಮ ಮನೆಗೆ ಬಂದಾಗ ಅಜ್ಜಿ ಪುಟ್ಟರಾಜುವಿಗೆ ಅಂಬಲಿ ಕುಡಿಸುತ್ತಿದ್ದಳು. ಅಮ್ಮ ಲೋಟವನ್ನು ತೆಗೆದುಕೊಂಡು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು.

"ಇದೇನತ್ತೆ?"

"ಅಂಬ್ಲಿ ಕಣವ್ವ."

"ಅಂಬ್ಲಿ ಅಂತ ನಂಗೂ ಕಾಣ್ಸುತ್ತೆ. ಹುಳಿ ಎಲ್ಲಿಂದ ಬಂತು?"

"ತಂಗಳು. ಅದೇ ಹುಳಿ ಬಂದದೆ."

"ಎಮ್ಮೆ ಮನೇಲಿ ಹುಟ್ಟಿದೋಳು ನಾನು. ಮಜ್ಜಿಗೆ ಹುಳಿ ಯಾವ್ದು ಅಂತ ನನ್ನ ನಾಲ್ಗೆಗೆ ಹೇಳ್ಕೊಡ್ಬೇಡಿ. ಅದಕ್ಕೇ ಮಗು ಎದ್ದು ಓಡಾಡ್ತಾ ಇದೆ. ಅದಕ್ಕೇ ಅವ್ರು ಬರ್ಲಿಲ್ಲ."

ಅಮ್ಮನ ದನಿ ಏರಿತ್ತು. ವಠಾರದ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು, ಅವರ ಹಿಂದೆ ಜುಬೇದಮ್ಮನೂ ಇದ್ದರು. ನಾನು ಎದ್ದು, "ಮಜ್ಜಿಗೆ ಅಲ್ಲ ಕಣಮ್ಮ. ಅಕ್ಕಿ ತೊಳೆದ ನೀರು. ಪಕ್ಕದ ಮನೆಯಿಂದ ನಾನೇ ತಂದಿದ್ದು," ಎಂದೆ. ಕೇಳುವಷ್ಟು ಜೋರಾಗಿಯೇ ಹೇಳಿದೆ. ಅಮ್ಮ ಅಜ್ಜಿಯ ಕಡೆ ತಿರುಗಿದಳು.

"ಹೌದಾ ಅತ್ತೆ? ಇವ್ಳು ಹೇಳ್ತಿರೋದು ಹೌದಾ?"

ಅಜ್ಜಿ ಬಾಗಿಲಲ್ಲಿ ನಿಂತಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು. ಜುಬೇದಮ್ಮ ಬಾಯಿ ತೆರೆದರು. ಅಜ್ಜಿ ಅವರ ಕಡೆಗೂ ನೋಡಿದಳು, ಅವರು ಸುಮ್ಮನಾದರು.

"ಆ ಹುಡ್ಗಿಗೇನ್ ಗೊತ್ತು ಬುಡು," ಎಂದಳು ಅಜ್ಜಿ.

"ಹೆತ್ತ ಮಗನ್ನ ನೀವೇ ಬರದಂಗ್ ಮಾಡ್ಬಿಟ್ರಲ್ಲ ಅತ್ತೆ."

"ನಿಂಗೆ ಗಂಡ ಆಗೋಕ್ ಮುಂಚೆ ನಂಗ್ ಮಗ ಆಗಿದ್ದೋನು ಕಣವ್ವ ಅವ್ನು." ಅಜ್ಜಿ ಮಾರನೆಯ ದಿನ ಬೆಳಗ್ಗೆ ಒಂದು ಸೀರೆ, ಎಲೆ ಅಡಿಕೆ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಹೋದೆ. ತುಮಕೂರಿಗೆ ಹೋಗಿ ಅಲ್ಲಿಂದ ಕುಣಿಗಲ್ ಬಸ್ಸು ಹಿಡಿಯಬೇಕಿತ್ತು. ಬಸ್ಸು ಹೊರಡುವ ಮುಂಚೆ ಕಿಟಕಿಯಿಂದ, "ಗಡಿಗೆ ತೊಳೀಬ್ಯಾಡಿ, ಹುಳಿ ಹೊಂಟೋಯ್ತದೆ," ಎಂದಳು. ನಾನು ಮನೆಗೆ ಬಂದಾಗ ಅಮ್ಮ ಹಿತ್ತಿಲಲ್ಲಿ ಕೂತು, ಬೂದಿ ಮತ್ತು ತೆಂಗಿನ ನಾರು ಹಾಕಿ ಆ ಗಡಿಗೆಯನ್ನು ಉಜ್ಜುತ್ತಿದ್ದಳು. ಅಜ್ಜಿಯ ಮಾತು ಹೇಳಿದೆ, ಅವಳ ಕೈ ನಿಲ್ಲಲಿಲ್ಲ.

ಜುಬೇದಮ್ಮ ಕೆಲವು ದಿನ ಬಿಟ್ಟು ಬಂದು ನಡೆದದ್ದನ್ನು ಹೇಳಿದರು. ಅಮ್ಮ, "ಮಜ್ಜಿಗೆ ಕೊಟ್ಟೋರೇ ನೀವು ಇರ್ಬೇಕು," ಎಂದು ಬಾಗಿಲು ಹಾಕಿಕೊಂಡಳು. ಗುಡಿಗೆ ಹೋಗಿ ತಪ್ಪು ಕಾಣಿಕೆ ಇಟ್ಟು, ಹರಕೆಯನ್ನು ಮೊದಲಿನಿಂದ ಹೊತ್ತಳು. ಪುಟ್ಟರಾಜು ಮತ್ತೆ ಇಳಿದ. ಬದುಕಿದ, ಬೆಳೆದ, ಆದರೆ ಓರಗೆಯ ಹುಡುಗರ ಭುಜಕ್ಕೆ ಅವನ ತಲೆ ಎಂದೂ ಬರಲಿಲ್ಲ. ಅಜ್ಜಿ ಹುತ್ರಿದುರ್ಗದ ಬುಡದಲ್ಲೇ ತೀರಿಕೊಂಡಳು. ಸುದ್ದಿ ನಮಗೆ ತಲುಪುವ ಹೊತ್ತಿಗೆ ಮಣ್ಣಾಗಿತ್ತು. ಅಮ್ಮ ಹೋಗಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದು, ಒದ್ದೆ ಕೂದಲಲ್ಲೇ ಉಪ್ಸಾರಿಗೆ ಇಟ್ಟಳು.

ನನಗೆ ತುಮಕೂರಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿ ನಾವು ಸದಾಶಿವನಗರಕ್ಕೆ ಬಾಡಿಗೆಗೆ ಬಂದೆವು. ಒಲೆ ಹೋಗಿ ಸೀಮೆಎಣ್ಣೆ ಸ್ಟೌ ಬಂತು, ಆಮೇಲೆ ಗ್ಯಾಸ್ ಬಂತು. ಎರಡು ಬರ್ನರಿನ ಗ್ಯಾಸ್. ಎಡಗಡೆಯ ಸಣ್ಣ ಬರ್ನರನ್ನು ಅಮ್ಮ ಹಚ್ಚುತ್ತಿರಲಿಲ್ಲ. ನಾವು ಕಾರಣ ಕೇಳುತ್ತಿರಲಿಲ್ಲ. ಈಗ ಮನೆಯಲ್ಲಿ ದಿನವೂ ಅನ್ನವಾಗುತ್ತಿತ್ತು. ಒಂದು ಬೇಸಿಗೆ ಬಿಸಿಲು ತಾಳಲಾರದೆ, ನಾನು ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಅಜ್ಜಿ ಮಾಡುತ್ತಿದ್ದ ಹಾಗೆ ರಾಗಿ ಗಂಜಿಗೆ ಸುರಿದು ಬಟ್ಟೆ ಕಟ್ಟಿಟ್ಟೆ. ಅಮ್ಮನಿಗೆ ಏನನ್ನಾದರೂ ತೋರಿಸಬೇಕು ಎಂಬ ಯೋಚನೆ ನನಗಿರಲಿಲ್ಲ. ಬಾಯಿಗೆ ಅದು ಬೇಕೆನಿಸಿತ್ತು. ಮಾರನೆಯ ದಿನ ಮಧ್ಯಾಹ್ನ ಉಪ್ಪು, ಈರುಳ್ಳಿ ಹಾಕಿ ಮೂವರಿಗೂ ಲೋಟಕ್ಕೆ ಬಗ್ಗಿಸಿದೆ. ಅಮ್ಮ ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟಳು.

"ಮಜ್ಜಿಗೆ ಎಲ್ಲಿತ್ತೇ?"

"ಮಜ್ಜಿಗೆ ಹಾಕಿಲ್ಲ ಕಣಮ್ಮ."

ಅವಳು ಎದ್ದು ಹೋಗಿ ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಮತ್ತೆ ಅದ್ದಿದಳು. ಮನೆಯಲ್ಲಿ ಹಾಲಿನ ತೊಟ್ಟು ಇಲ್ಲವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಏನ್ ಹಾಕಿದೀಯಾ?"

"ಅಕ್ಕಿ ತೊಳೆದ ನೀರು."

ಅಮ್ಮ ಅಡುಗೆಕಟ್ಟೆಗೆ ಕೈ ಊರಿಕೊಂಡು ನಿಂತಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಬಂದು ಕೂಗಿಕೊಂಡು ಹೋದಳು.

"ಅವತ್ತು ಹೇಳಿದ್ದೆ ಅಲ್ವಾ ನೀನು?"

"ಹೇಳಿದ್ದೆ."

"ಇನ್ನೊಂದ್ ಸಲ ಹೇಳ್ಬೇಕಾಗಿತ್ತು ಕಣೇ."

ಅವಳು ನನ್ನನ್ನು ದೂರುತ್ತಿರಲಿಲ್ಲ. ಆಮೇಲೆ ತನಗೇ ಎಂಬಂತೆ, ಒಂದೊಂದೇ ಮಾತನ್ನು ಮುಟ್ಟಿ ನೋಡುವ ಹಾಗೆ ಹೇಳಿದಳು.

"ಹಂಗಾದ್ರೆ ಹರಕೆ ಕೆಟ್ಟಿರ್ಲಿಲ್ಲ. ಒಂದ್ ದಿನಾನೂ ಕೆಟ್ಟಿರ್ಲಿಲ್ಲ. ಆದ್ರೂ ಬರ್ಲಿಲ್ಲ."

ಅಜ್ಜಿಯ ತಪ್ಪು ಇದ್ದಷ್ಟು ಕಾಲ ಅಪ್ಪ ಬಾರದೆ ಇದ್ದುದಕ್ಕೆ ಅವಳಿಗೆ ಒಂದು ಕಾರಣವಿತ್ತು. ಆ ಕಾರಣವನ್ನು ಹಿಡಿದುಕೊಂಡೇ ಅವಳು ಬೆಳಗ್ಗೆ ಎದ್ದು ಮಂಡಿಗೆ ಹೋಗಿದ್ದಳು, ನಮ್ಮನ್ನು ಸಾಕಿದ್ದಳು. ಅಂಬಲಿಯ ಜೊತೆ ಅದನ್ನೂ ನಾನು ಅವಳ ಕೈಯಿಂದ ತೆಗೆದುಕೊಂಡಿದ್ದೆ. ಇದು ನನಗೆ ಹೊಳೆದದ್ದು ಮಾರನೆಯ ದಿನ, ಅವಳು ತಾನೇ ಬೀದಿಯ ತುದಿಗೆ ಹೋಗಿ ಹಾಲು ತಂದಾಗ. ಗುಬ್ಬಿಯಿಂದ ಬಂದ ಹಳೆಯ ಪಾತ್ರೆಗೆ ಹಾಲು ಸುರಿದು, ಎಡಗಡೆಯ ಬರ್ನರ್ ಹಚ್ಚಿ, ಮುಂದೆ ನಿಂತಳು. ಯಾರೂ ಬಾಗಿಲ ಕಡೆ ನೋಡಲಿಲ್ಲ. ಹಾಲು ಮೇಲೆದ್ದು, ಅಂಚು ಮುಟ್ಟಿ, ಉಕ್ಕಿ, ಚುರ್ ಎಂದು ಉರಿಯ ಮೇಲೆ ಸುರಿಯಿತು. ಅಮ್ಮ ಅದು ಉಕ್ಕುವುದನ್ನು ಪೂರ್ತಿ ನೋಡಿ ಆಮೇಲೆ ಆರಿಸಿದಳು.

ಒಂದು ಲೋಟಕ್ಕೆ ಸಕ್ಕರೆ ಹಾಕಿ ಪುಟ್ಟರಾಜುವಿಗೆ ಕೊಟ್ಟಳು. ಆಗ ಅವನಿಗೆ ಮೀಸೆ ಬಂದಿತ್ತು. ಅವನು ಅವಳ ಮುಖ ನೋಡಿಕೊಂಡೇ ಕುಡಿಯಲು ಹೋದ. ಎರಡನೆಯ ಗುಟುಕಿಗೆ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದ. ವಾಪಸು ಬಂದು ತಪ್ಪು ಮಾಡಿದವನ ಹಾಗೆ ನಿಂತ.

"ವಾಸ್ನೆ ಬರುತ್ತಮ್ಮ. ಆಗಲ್ಲ."

"ಬಿಡು ಮಗಾ," ಎಂದಳು ಅಮ್ಮ. ಲೋಟವನ್ನು ಅವನ ಕೈಯಿಂದ ತೆಗೆದುಕೊಂಡಳು. "ನಿಮ್ಮಜ್ಜಿ ಅಂಬ್ಲಿ ಉಳಿದಿದೆ. ಅದನ್ನ ಕುಡಿ."

ಅವನು ಕುಡಿದ. ಅಂಬಲಿಯ ಪಾತ್ರೆ ಖಾಲಿಯಾದ ಮೇಲೆ ನಾನು ತೊಳೆಯಲು ಎತ್ತಿಕೊಂಡೆ. ಅಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ತೊಳೆಯದೆ, ಅದರ ಮೇಲೆ ಬಟ್ಟೆ ಕಟ್ಟಿಟ್ಟಳು.